ತೋಟದ ಮನೆಯಲ್ಲೇ ಇರುವುದೋ, ಹಿರಿಯರ ವಸತಿ ಸಮುಚ್ಚಯಕ್ಕೆ ಹೋಗುವುದೋ? ಹೋಗಿ ಬಂದವರು ಹೇಳಿ

ಅಮ್ಮತ್ತಿ_ಟೀಚರ್ · ಏಪ್ರಿಲ್ 12

ನನಗೆ 69, ನಮ್ಮ ಯಜಮಾನರಿಗೆ 74. ಕೊಡಗಿನ ಅಮ್ಮತ್ತಿಯಿಂದ ಮೂರು ಕಿಲೋಮೀಟರ್ ಒಳಗೆ ಏಳು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಹಳೆಯ ಹೆಂಚಿನ ಮನೆ, ಎರಡು ನಾಯಿ. ಮಗ ಕೆನಡಾದಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿ. ಇಬ್ಬರೂ ಒಳ್ಳೆಯವರೇ. ಮಕ್ಕಳು ನೋಡಿಕೊಳ್ಳುವುದಿಲ್ಲ ಎಂಬ ಗೋಳಿನ ಪತ್ರ ಇದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಳೆದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ನಾಲ್ಕು ದಿನ ಕರೆಂಟ್ ಇರಲಿಲ್ಲ. ಮೂರನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಇವರು ಬಚ್ಚಲಿನಲ್ಲಿ ಜಾರಿ ಬಿದ್ದರು. ಮೊಬೈಲಿನಲ್ಲಿ ಒಂದೇ ಒಂದು ಕರೆಗೆ ಆಗುವಷ್ಟು ಚಾರ್ಜ್ ಇತ್ತು. ಗೇಟಿನಾಚೆ ಸಿಲ್ವರ್ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಪಕ್ಕದ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಗರಗಸ ತಂದು, ಮರ ಕತ್ತರಿಸಿ, ಜೀಪನ್ನು ಅಂಗಳಕ್ಕೆ ತರುವಾಗ ರಾತ್ರಿ ಎರಡು ಗಂಟೆ. ಆ ಮೂರು ಗಂಟೆ ನಾನು ಅವರ ತಲೆಯ ಕೆಳಗೆ ಕಂಬಳಿ ಮಡಚಿಟ್ಟು ಪಕ್ಕದಲ್ಲಿ ಕುಳಿತಿದ್ದೆ. ಬ್ಯಾಟರಿ ಉಳಿಯಲಿ ಎಂದು ಟಾರ್ಚ್ ಆರಿಸುತ್ತಿದ್ದೆ. ಅವರು "ಹಚ್ಚು" ಎಂದಾಗ ಹಚ್ಚುತ್ತಿದ್ದೆ. ಪುಣ್ಯಕ್ಕೆ ಮುರಿದದ್ದು ಮುಂಗೈ, ಸೊಂಟವಲ್ಲ.

ಆಮೇಲೆ ಮಗಳು ಮೈಸೂರಿನ ಹೊರವಲಯದಲ್ಲಿ ಒಂದು ಹಿರಿಯರ ವಸತಿ ಸಮುಚ್ಚಯ ಹುಡುಕಿದಳು. ವೃದ್ಧಾಶ್ರಮವಲ್ಲ. ನಮ್ಮದೇ ಮನೆ, ನಮ್ಮದೇ ಬೀಗ. ಬೇಕೆಂದರೆ ಅಡುಗೆ ಮಾಡಿಕೊಳ್ಳಬಹುದು, ಬೇಡವೆಂದರೆ ಊಟದ ಹಾಲ್ ಇದೆ. ಮಾರ್ಚ್‌ನಲ್ಲಿ ನಾಲ್ಕು ದಿನ ಅತಿಥಿಗಳಾಗಿ ಇದ್ದು ಬಂದೆವು.

ಅಲ್ಲಿಯ ಬಚ್ಚಲಿನಲ್ಲಿ ಮೂರು ಕಡೆ ಹಿಡಿಕಂಬಿ. ಕಮೋಡಿನ ಪಕ್ಕದಲ್ಲಿ ಕೆಂಪು ಹಗ್ಗ, ನೆಲದಿಂದ ಒಂದು ಗೇಣು ಮೇಲಿನವರೆಗೆ ಇಳಿಬಿಟ್ಟದ್ದು. ಅಷ್ಟು ಉದ್ದ ಏಕೆ ಎಂದು ಕೇಳಿದೆ. "ಬಿದ್ದವರ ಕೈಗೂ ಸಿಗಬೇಕಲ್ಲ ಅಮ್ಮ" ಎಂದಳು ಅಲ್ಲಿಯ ಹುಡುಗಿ. ನನಗೆ ಅಲ್ಲೇ ಕಣ್ಣು ತುಂಬಿತು.

ಇವರ ಕಥೆ ಬೇರೆ. ರಾತ್ರಿ ಊಟ ಏಳೂವರೆಗೆ, ಅದೂ ಬರೀ ಸಸ್ಯಾಹಾರ. ಕಿಟಕಿ ತೆರೆದರೆ ಎದುರು ಮನೆಯ ಕಿಟಕಿ. ಎರಡನೆಯ ದಿನ ವ್ಯವಸ್ಥಾಪಕರ ಬಳಿ ಹೋಗಿ, ಮಳೆ ಮಾಪಕ ಎಲ್ಲಿ ಇಡಬಹುದು ಎಂದು ಕೇಳಿದರು. 41 ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಡೈರಿಯಲ್ಲಿ ಬರೆಯುವ ಮನುಷ್ಯ. ಆ ಪಾಪದ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಒಂದು ಕೋಣೆಯ ಮನೆಗೆ ಮರಳಿ ಬರುವ ಠೇವಣಿ 25 ಲಕ್ಷ. ಇಬ್ಬರ ಊಟ, ಶುಚಿ ಕೆಲಸ, ನಿರ್ವಹಣೆ ಎಲ್ಲ ಸೇರಿ ತಿಂಗಳಿಗೆ 52 ಸಾವಿರ. ಜಿಎಸ್‌ಟಿ ಬೇರೆ. ನಾನು ಹೋಗೋಣ ಎನ್ನುತ್ತೇನೆ, ಇವರು ಬೇಡ ಎನ್ನುತ್ತಾರೆ. ಇಂಥ ಕಡೆ ಇರುವವರು, ಇದ್ದು ಬಿಟ್ಟು ಬಂದವರು, ಅಪ್ಪ ಅಮ್ಮನನ್ನು ಸೇರಿಸಿದವರು ನಿಜ ಹೇಳಿ. ಜಾಹೀರಾತಿನ ಮಾತು ಸಾಕಷ್ಟು ಕೇಳಿದ್ದೇನೆ.

ಗೋಣಿಕೊಪ್ಪ_ರಸ್ತೆ · ಏಪ್ರಿಲ್ 12

ಹೋಗಿ ಟೀಚರ್. ಮತ್ತೊಂದು ಕಕ್ಕಡಕ್ಕೆ ಕಾಯಬೇಡಿ.

ನಾಪೋಕ್ಲು_ನಾಟಿ · ಏಪ್ರಿಲ್ 12

ಬೇಡವೇ ಬೇಡ. ಮನೆಯಲ್ಲಿ ದೀಪ ಹಚ್ಚುವವರಿಲ್ಲದಿದ್ದರೆ ಆರು ತಿಂಗಳಲ್ಲಿ ಗೆದ್ದಲು, ಒಂದು ವರ್ಷದಲ್ಲಿ ಹೆಂಚು, ಎರಡು ವರ್ಷದಲ್ಲಿ ಬೇಲಿ ಹೋಗುತ್ತದೆ. ನಮ್ಮ ಊರಿನಲ್ಲಿ ಹೀಗೆ ಮುಚ್ಚಿದ ಮನೆ ಐದು ಇವೆ, ಬಂದು ನೋಡಿ. ಕೆಲಸಕ್ಕೆ ಒಂದು ಕುಟುಂಬವನ್ನು ತೋಟದ ಆಳುಗಳ ಲೈನ್ ಮನೆಯಲ್ಲಿ ಇರಿಸಿಕೊಳ್ಳಿ. ತಿಂಗಳಿಗೆ 52 ಸಾವಿರ ಕೊಡುವವರು ಇಲ್ಲೇ ಇಬ್ಬರು ಆಳುಗಳನ್ನು ಸಾಕಬಹುದು.

ಸುಂಟಿಕೊಪ್ಪ_ನರ್ಸ್ · ಏಪ್ರಿಲ್ 12

ಆಳು ಸಿಕ್ಕರೆ ತಾನೇ ಅಣ್ಣ? ಕಾಫಿ ಕೊಯ್ಲಿಗೇ ಅಸ್ಸಾಮಿನಿಂದ ಜನ ಬರಬೇಕಾದ ಕಾಲ ಇದು. ಸಿಕ್ಕ ಆಳಿಗೆ ಸಕ್ಕರೆ ಇಳಿದು ಬೆವರುವ ಮುದುಕರನ್ನು ನೋಡಿ ಏನು ಮಾಡಬೇಕೆಂದು ತಿಳಿದಿರುವುದಿಲ್ಲ. ಹೋಂ ನರ್ಸ್ ಎಂದು ಬರುವ ಎಷ್ಟೋ ಹುಡುಗಿಯರಿಗೆ ಬಿ.ಪಿ. ನೋಡಲು ಬರುವುದಿಲ್ಲ. ನಾನೇ ಕಲಿಸಿಕೊಟ್ಟಿದ್ದೇನೆ.

ಟೀಚರ್, ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ. ಸ್ವತಂತ್ರ ವಾಸ ಎಂದರೆ ಸ್ನಾನ, ಬಟ್ಟೆ, ಶೌಚ, ಊಟ, ಹಾಸಿಗೆಯಿಂದ ಎದ್ದು ಓಡಾಡುವುದು, ಇಷ್ಟನ್ನು ನೀವೇ ಮಾಡಿಕೊಳ್ಳುವವರೆಗೆ ಮಾತ್ರ. ಇವುಗಳಲ್ಲಿ ಒಂದೆರಡು ಕೈತಪ್ಪಿದರೆ ಅಲ್ಲಿಯೂ ನೀವು ಸ್ವಂತ ಖರ್ಚಿನಲ್ಲಿ ಆರೈಕೆಯವರನ್ನು ಇಟ್ಟುಕೊಳ್ಳಬೇಕು, ಇಲ್ಲವೇ ಸಹಾಯ ಸಹಿತ ವಾಸದ ವಿಭಾಗಕ್ಕೆ ಹೋಗಬೇಕು. ಆ ವಿಭಾಗ ಅದೇ ಆವರಣದಲ್ಲಿ ಇದೆಯೇ ಎಂದು ಕೇಳಿದಿರಾ? ಊಟದ ಹಾಲ್, ಯೋಗ, ಗ್ರಂಥಾಲಯ ಎಲ್ಲರೂ ತೋರಿಸುತ್ತಾರೆ. ಕೇಳಬೇಕಾದದ್ದು, ನಾನು ಎದ್ದೇಳಲಾಗದ ದಿನ ನನ್ನನ್ನು ಏನು ಮಾಡುತ್ತೀರಿ ಎಂದು.

ಸೊಸೆ_ಬೆಂಗಳೂರು · ಏಪ್ರಿಲ್ 13

ಮೇಲಿನ ಮಾತು ನಮ್ಮ ಮನೆಯಲ್ಲಿ ಆದದ್ದೇ. ಅತ್ತೆಯನ್ನು ಐದು ವರ್ಷದ ಹಿಂದೆ ಒಂದು ಸಮುಚ್ಚಯಕ್ಕೆ ಸೇರಿಸಿದೆವು. ಹೆಸರು ಬೇಡ. ಮೊದಲ ಮೂರು ವರ್ಷ ಅವರ ಬದುಕಿನಲ್ಲೇ ಒಳ್ಳೆಯ ವರ್ಷಗಳು. ಮಾವ ಬದುಕಿದ್ದಾಗ ಒಬ್ಬರೇ ಪೇಟೆಗೆ ಹೋಗದಿದ್ದವರು ಅಲ್ಲಿ ಗೆಳತಿಯರ ಜೊತೆ ಆಟೋ ಹಿಡಿದು ಸಿನಿಮಾಕ್ಕೆ ಹೋಗುತ್ತಿದ್ದರು. ಅರವತ್ತೆಂಟನೆಯ ವಯಸ್ಸಿನಲ್ಲಿ ಕೇರಂ ಕಲಿತರು. ನಾವು ಭಾನುವಾರ ಬರುತ್ತೇವೆ ಎಂದರೆ "ಮಧ್ಯಾಹ್ನ ಬೇಡ, ಪಂದ್ಯ ಇದೆ" ಎನ್ನುತ್ತಿದ್ದರು.

ನಾಲ್ಕನೆಯ ವರ್ಷ ಮರೆವು ಶುರುವಾಯಿತು. ಎರಡು ಸಲ ಗ್ಯಾಸ್ ಒಲೆ ಆರಿಸದೆ ಹೊರಗೆ ಹೋದರು, ಒಂದು ಸಲ ಬೇರೆಯವರ ಮನೆಯ ಬಾಗಿಲಿಗೆ ತಮ್ಮ ಬೀಗದ ಕೈ ಹಾಕಿದರು. ಆಡಳಿತದವರು ವಿನಯದಿಂದಲೇ ಒಂದು ಪತ್ರ ಕೊಟ್ಟರು: 60 ದಿನದಲ್ಲಿ ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಒಪ್ಪಂದದಲ್ಲಿ ಅದು ಇತ್ತು, ಓದಿ ಸಹಿ ಮಾಡಿದವರು ನಾವೇ. ಅಲ್ಲಿ ಮಾಡಿಕೊಂಡ ಗೆಳತಿಯರನ್ನು ಬಿಟ್ಟು ಹೊರಡುವ ದಿನ ಅವರಿಗೆ ಮತ್ತೊಮ್ಮೆ ಮನೆ ಬಿಟ್ಟ ಹಾಗೆಯೇ ಆಯಿತು. ಆದರೂ ಆ ಮೂರು ವರ್ಷ ವ್ಯರ್ಥ ಎಂದು ನಾನು ಹೇಳುವುದಿಲ್ಲ.

ನಾಪೋಕ್ಲು_ನಾಟಿ · ಏಪ್ರಿಲ್ 13

ನೋಡಿದಿರಾ. ಅಳುವಾಗ ಬೇಕಾದವರು ಯಾರೂ ಇಲ್ಲ.

ಸೊಸೆ_ಬೆಂಗಳೂರು · ಏಪ್ರಿಲ್ 13

ನಾವು ಇದ್ದೆವು ಸರ್. ಈಗ ಅವರು ನಮ್ಮ ಮನೆಯಲ್ಲೇ ಇದ್ದಾರೆ. ಪೂರ್ತಿ ಓದಿ ತೀರ್ಪು ಕೊಡಿ.

ಕಾಚಂಪುಳಿ · ಏಪ್ರಿಲ್ 13

ನಿಜವಾದ ಸಮಸ್ಯೆಯನ್ನು ಯಾರೂ ಮುಟ್ಟುತ್ತಿಲ್ಲ. ಬರೀ ಸಸ್ಯಾಹಾರದ ಹಾಲ್‌ನಲ್ಲಿ ಹಂದಿ ಮಾಂಸದ ಪಂದಿಕರಿ ಇಲ್ಲದೆ ಅಕ್ಕಿಯ ಕಡಂಬುಟ್ಟು ಯಾವುದರ ಜೊತೆ ತಿನ್ನುವುದು? ಸಾಂಬಾರ್ ಜೊತೆಗೋ? ಟೀಚರ್, ಯಜಮಾನರ ಪರವಾಗಿ ನನ್ನ ಒಂದು ಮತ.

ಹವಾಲ್ದಾರ್_ನಿವೃತ್ತ · ಏಪ್ರಿಲ್ 13

ನಗೆ ಬೇಡ, ಅದು ದೊಡ್ಡ ವಿಷಯವೇ. ನನ್ನ ಷಡ್ಡಕ ಕೊಯಮತ್ತೂರಿನಲ್ಲಿ ಇಂಥದ್ದೊಂದರಲ್ಲಿ ಇದ್ದಾರೆ. ಆ ಊರಿನಲ್ಲಿ ಇವು ಬಹಳ. ಹಾಲ್‌ನಲ್ಲಿ ಸಸ್ಯಾಹಾರ, ಮನೆಯೊಳಗೆ ನೀವು ಏನಾದರೂ ಬೇಯಿಸಿಕೊಳ್ಳಿ ಎನ್ನುತ್ತಾರೆ. ಕೆಲವು ಕಡೆ ಮನೆಯೊಳಗೂ ಬೇಡ ಎನ್ನುವ ನಿಯಮ ಇದೆ. ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಅವರದೇ ಇನ್ನೊಂದು ಕಥೆ. ಆಗಸ್ಟ್ 3ಕ್ಕೆ, ಕಕ್ಕಡ ಹದಿನೆಂಟರಂದು, ಮನೆಯಿಂದ ಮದ್ದು ಸೊಪ್ಪಿನ ಪಾಯಸ ಡಬ್ಬಿಯಲ್ಲಿ ಕಳುಹಿಸಿದ್ದೆವು. ತಿಂದರು, ಪಕ್ಕದ ಮೂರು ಮನೆಯವರಿಗೂ ಹಂಚಿದರು. ಮರುದಿನ ಬೆಳಿಗ್ಗೆ ನಾಲ್ಕು ಮನೆಯವರ ಮೂತ್ರವೂ ಕೆಂಪು. ನಮಗೆ ಅದು ಮದ್ದು ಹಿಡಿದ ಗುರುತು. ಅಲ್ಲಿಯ ನರ್ಸ್ ನಾಲ್ವರನ್ನೂ ಪ್ರಯೋಗಾಲಯಕ್ಕೆ ಕಳುಹಿಸಿದಳು. ಷಡ್ಡಕ ಎಷ್ಟು ವಿವರಿಸಿದರೂ ನಂಬಲಿಲ್ಲವಂತೆ.

ಕಾಚಂಪುಳಿ · ಏಪ್ರಿಲ್ 13

ಬಿದ್ದು ಬಿದ್ದು ನಕ್ಕೆ. ಆದರೆ ಒಂದು ಒಪ್ಪಬೇಕು. ಅಲ್ಲಿ ಒಬ್ಬಳು ನರ್ಸ್ ಬೆಳಿಗ್ಗೆ ಎದ್ದು ನಾಲ್ವರು ಮುದುಕರನ್ನು ವಿಚಾರಿಸಿದಳು. ನಮ್ಮ ತೋಟದಲ್ಲಿ ಮೂತ್ರ ಯಾವ ಬಣ್ಣಕ್ಕೆ ತಿರುಗಿದರೂ ಕೇಳುವವರಿಲ್ಲ.

ಕುಶಾಲನಗರ_ಕಡತ · ಏಪ್ರಿಲ್ 14

ಕಾಗದದ ಮಾತಿಗೆ ಬರೋಣ. ಹದಿನೈದು ವರ್ಷ ಕರಾರು ಪತ್ರ ಓದಿದವನು ನಾನು, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಇವು ಮೂರು ಬಗೆ. ಮನೆಯನ್ನೇ ಕೊಳ್ಳುವುದು, ಠೇವಣಿ ಇಟ್ಟು ಇರುವುದು, ಬಾಡಿಗೆಗೆ ಇರುವುದು. ಕೊಂಡರೆ ಆಸ್ತಿ ನಿಮ್ಮದು, ಆದರೆ ಮಾರುವಾಗ ಕೊಳ್ಳುವವರು ಕಡಿಮೆ, ಏಕೆಂದರೆ ವಯಸ್ಸಾದವರೇ ವಾಸಿಸಬೇಕು ಎಂಬ ನಿಯಮ ಇರುತ್ತದೆ. ಮಕ್ಕಳಿಗೆ ಬಂದರೂ ಅವರು ಅಲ್ಲಿ ಇರುವಂತಿಲ್ಲ, ನಿರ್ವಹಣಾ ಶುಲ್ಕ ಮಾತ್ರ ಕಟ್ಟುತ್ತಿರಬೇಕು. ಕಟ್ಟಡ ಇನ್ನೂ ಏಳುತ್ತಿದ್ದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ನೋಡದೆ ಒಂದು ರೂಪಾಯಿ ಕೊಡಬೇಡಿ.

ಟೀಚರ್ ಹೇಳಿದ್ದು ಎರಡನೆಯ ಬಗೆ. ಅಲ್ಲಿ ಮನೆ ನಿಮ್ಮದಲ್ಲ, ಇರುವ ಹಕ್ಕು ಮಾತ್ರ ನಿಮ್ಮದು. 25 ಲಕ್ಷ "ಮರಳಿ ಬರುವ" ಠೇವಣಿ ಎಂದರೆ ಯಾವಾಗ ಮರಳಿ? ಖಾಲಿ ಮಾಡಿದ ಇಷ್ಟು ದಿನಕ್ಕೆ ಎಂದು ಬರೆದಿದ್ದರೆ ಒಂದು ಮಾತು. "ಮುಂದಿನ ನಿವಾಸಿ ಸೇರಿದ ಮೇಲೆ" ಎಂದು ಬರೆದಿದ್ದರೆ ನಿಮ್ಮ ಹಣ ಯಾರೋ ಬರುವವರೆಗೆ ಅಲ್ಲೇ. ವರ್ಷಕ್ಕೆ ಇಷ್ಟು ಎಂದು ಕಡಿತ ಇದೆಯೇ, ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರ ಮಾಸಿಕ ಶುಲ್ಕ ಅರ್ಧವೇ ಅಥವಾ ಮುಕ್ಕಾಲೇ, ಪ್ರತಿ ವರ್ಷ ಏರಿಕೆಗೆ ಮಿತಿ ಇದೆಯೇ, ಇಷ್ಟನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೇಳಿ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ತಂದಿದೆ. ಕಟ್ಟಿದವರು, ಸೇವೆ ನಡೆಸುವವರು, ನಿವಾಸಿ ಮೂವರ ನಡುವೆ ಒಪ್ಪಂದ ಇರಬೇಕು ಎನ್ನುತ್ತದೆ ಅದು. ಮಾರ್ಗಸೂಚಿ ಎಂದರೆ ಮಾರ್ಗಸೂಚಿ, ಕಾನೂನಲ್ಲ. ಆದರೆ ಅದನ್ನು ಎದುರಿಗಿಟ್ಟು ಪ್ರಶ್ನೆ ಕೇಳಿದರೆ ಮಾತನಾಡುವ ಧಾಟಿ ಬದಲಾಗುತ್ತದೆ.

ಗೋಣಿಕೊಪ್ಪ_ರಸ್ತೆ · ಏಪ್ರಿಲ್ 14

ಅಷ್ಟೆಲ್ಲ ಏಕೆ? ತೋಟವನ್ನು ಮಗಳ ಹೆಸರಿಗೆ ಬರೆದು ನಿಶ್ಚಿಂತೆಯಿಂದ ಹೋಗಲಿ. ಕಾಫಿ ಬೆಲೆ ಚೆನ್ನಾಗಿದೆ, ಅವಳು ತಿಂಗಳ ಖರ್ಚು ಕಳುಹಿಸುತ್ತಾಳೆ.

ಕುಶಾಲನಗರ_ಕಡತ · ಏಪ್ರಿಲ್ 14

ದಯವಿಟ್ಟು ಹೀಗೆ ಸಲಹೆ ಕೊಡಬೇಡಿ. ಮಗಳು ಎಷ್ಟೇ ಒಳ್ಳೆಯವಳಿರಲಿ, ಬರೆಯುವುದಾದರೆ ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಂಥ ಷರತ್ತು ಮುರಿದರೆ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ಅರ್ಜಿ ಹಾಕುವುದು ಉಪವಿಭಾಗಾಧಿಕಾರಿಯವರ ಬಳಿ. ಷರತ್ತು ಬಾಯಿಮಾತಿನಲ್ಲಿದ್ದರೆ ವರ್ಷಗಟ್ಟಲೆ ಅಲೆದಾಟ.

ಮತ್ತೆ, ಟೀಚರ್ ಜಾಗ ಜಮ್ಮಾ, ಅಂದರೆ ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿದ ಹಿಡುವಳಿ, ಆಗಿದ್ದರೆ ಮಾರುವುದು, ಬರೆದುಕೊಡುವುದು ಎರಡೂ ನೀವು ಅಂದುಕೊಂಡಷ್ಟು ಸುಲಭವಲ್ಲ.

ಅಮ್ಮತ್ತಿ_ಟೀಚರ್ · ಏಪ್ರಿಲ್ 14

ಅರ್ಧ ಜಮ್ಮಾ, ಅರ್ಧ ಇವರು ಕೊಂಡದ್ದು. ಆರ್‌ಟಿಸಿಯಲ್ಲಿ ಪಟ್ಟೇದಾರರಾಗಿ, ಅಂದರೆ ಕುಟುಂಬದ ಹಿರಿಯರಾಗಿ, ಇವರ ದೊಡ್ಡಪ್ಪನ ಹೆಸರಿದೆ. ಅವರು ತೀರಿಕೊಂಡು ಎಷ್ಟು ವರ್ಷವಾಯಿತೆಂದು ಇವರಿಗೂ ನೆನಪಿಲ್ಲ. ಕೆಳಗೆ ಒಕ್ಕದವರ, ಅಂದರೆ ಇಡೀ ಕುಲದವರ, ಹೆಸರುಗಳ ಸಾಲು. ಆದ್ದರಿಂದ ಮಾರುವ ಮಾತು ಬಿಡಿ.

ಮಳೆಲೆಕ್ಕ · ಏಪ್ರಿಲ್ 14

ಮಾರದೆಯೂ ಲೆಕ್ಕ ಹೊಂದಿಸಬಹುದು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಈಗ 8.2 ಶೇಕಡಾ ಬಡ್ಡಿ, ಒಬ್ಬರಿಗೆ 30 ಲಕ್ಷದವರೆಗೆ. 30 ಲಕ್ಷ ಇಟ್ಟರೆ ತಿಂಗಳಿಗೆ 20,500. ಇಬ್ಬರೂ ಇಟ್ಟರೆ 41 ಸಾವಿರ ಬಂತು. ಟೀಚರ್ ಪಿಂಚಣಿ ಸೇರಿದರೆ 52 ದಾಟುತ್ತದೆ.

ಹವಾಲ್ದಾರ್_ನಿವೃತ್ತ · ಏಪ್ರಿಲ್ 14

ತಿಂಗಳಿಗೆ ಅಲ್ಲ, ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಬಡ್ಡಿಗೆ ತೆರಿಗೆಯೂ ಇದೆ. ಐದು ವರ್ಷದ ಅವಧಿ ಮುಗಿದಾಗ ಬಡ್ಡಿ ದರ ಎಷ್ಟಿರುತ್ತದೋ. ಅವರ ಶುಲ್ಕ ಮಾತ್ರ ಪ್ರತಿ ವರ್ಷ ಏರುತ್ತದೆ. 60 ಲಕ್ಷ ಒಟ್ಟಿಗೆ ಯಾರ ಬಳಿ ಇದೆ, ಅದನ್ನೂ ಹೇಳಿ.

ಮಳೆಲೆಕ್ಕ · ಏಪ್ರಿಲ್ 14

ಒಪ್ಪಿದೆ, ಮೂರು ತಿಂಗಳಿಗೊಮ್ಮೆ. 60 ಲಕ್ಷದ ವಿಷಯಕ್ಕೆ ಉತ್ತರ ಇಲ್ಲ.

ಮಕ್ಕಂದೂರಿನವ · ಏಪ್ರಿಲ್ 15

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಎಂದು ಇದ್ದೆ.

2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡ ಕುಸಿದಾಗ ಅಪ್ಪನಿಗೆ 70. ಮನೆ, ತೋಟ ಎರಡೂ ಕೆಸರಿನಡಿ ಹೋದವು. ಶಿಬಿರ, ಆಮೇಲೆ ಬಾಡಿಗೆ ಮನೆ, ಕೊನೆಗೆ ಜಂಬೂರಿನಲ್ಲಿ ಸರ್ಕಾರ ಕಟ್ಟಿಸಿದ ಸಾಲು ಮನೆಗಳಲ್ಲಿ ಒಂದು. ಹಿರಿಯರ ಸಮುಚ್ಚಯವಲ್ಲ ಅದು, ಆದರೆ ಟೀಚರ್ ವಿವರಿಸಿದ ಹಾಗೆಯೇ, ಕಿಟಕಿ ತೆರೆದರೆ ಪಕ್ಕದವರ ಗೋಡೆ. ಒಂದು ವರ್ಷ ಅಪ್ಪ ಆ ಕಡೆಯ ಕಿಟಕಿ ತೆರೆಯಲಿಲ್ಲ. ಬೆಳಿಗ್ಗೆ ಎದ್ದು ಕತ್ತಿ ಹಿಡಿದು ಹೊರಗೆ ಬಂದು, ಕಡಿಯಲು ಏನೂ ಇಲ್ಲದೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು.

ಆಮೇಲೆ ಯಾರೋ ಇಸ್ಪೀಟು ತಂದರು. ಇಪ್ಪತ್ತೆಂಟು ಆಡಲು ನಾಲ್ವರು ಬೇಕಲ್ಲ, ನಾಲ್ಕನೆಯವರಿಲ್ಲ ಎಂದು ಅಪ್ಪನನ್ನು ಎಳೆದುಕೊಂಡು ಹೋದರು. ಈಗ ಅವರ ಜೊತೆ ಆಡುವವರಲ್ಲಿ ಇಬ್ಬರು ಹಿಂದೆ ಬೇರೆ ಊರಿನವರು, ಒಬ್ಬರ ಜೊತೆ ಅಪ್ಪನಿಗೆ ಹಳೆಯ ಗದ್ದೆಯ ನೀರಿನ ಜಗಳವೂ ಇತ್ತು. ಕಳೆದ ವರ್ಷ ಎದೆನೋವು ಬಂದ ರಾತ್ರಿ ಆಟೋ ತಂದದ್ದು ಆ ಜಗಳದವರೇ.

ನಾನು ಹೇಳುವುದು ಇಷ್ಟೇ ಟೀಚರ್. ನಮ್ಮಪ್ಪನಿಗೆ ಆಯ್ಕೆ ಇರಲಿಲ್ಲ, ಅದಕ್ಕೇ ಒಂದು ವರ್ಷ ಹಿಡಿಯಿತು. ನಿಮ್ಮ ಯಜಮಾನರಿಗೆ ಆಯ್ಕೆ ಇದೆ. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ.

ನಾಪೋಕ್ಲು_ನಾಟಿ · ಏಪ್ರಿಲ್ 15

ಇದಕ್ಕೆ ಎದುರು ಹೇಳಲು ನನ್ನ ಬಳಿ ಏನೂ ಇಲ್ಲ.

ಸುಂಟಿಕೊಪ್ಪ_ನರ್ಸ್ · ಏಪ್ರಿಲ್ 15

ಹೋದರೂ ಹೋಗದಿದ್ದರೂ ಈ ವಾರವೇ ಬಚ್ಚಲಿಗೆ ಹಿಡಿಕಂಬಿ ಹಾಕಿಸಿ ಟೀಚರ್. ಗೋಡೆ ಹಳೆಯದಾದರೆ ಟವೆಲ್ ಕಂಬಿ ಸಾಲದು, ಮೈಭಾರ ತಡೆಯುವಂಥದ್ದನ್ನು ಬೋಲ್ಟ್ ಹಾಕಿ ಕೂರಿಸಬೇಕು. ನೆಲದ ನುಣುಪು ಟೈಲ್ಸ್ ಮೇಲೆ ಜಾರದ ರಬ್ಬರ್ ಹಾಸು. ರಾತ್ರಿ ಹಾಸಿಗೆಯಿಂದ ತಟ್ಟನೆ ಏಳಬಾರದು, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಂತೂ ಎರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು ಏಳಬೇಕು. ಮೊಬೈಲಿಗೆ ಒಂದು ಪವರ್ ಬ್ಯಾಂಕ್. ಕೆಂಪು ಹಗ್ಗದ ಬದಲು, ಬ್ಯಾಟರಿಯ ಕಾಲಿಂಗ್ ಬೆಲ್ ಬರುತ್ತದೆ, ಒತ್ತುವ ಗುಂಡಿಯನ್ನು ಬಚ್ಚಲಿನಲ್ಲಿ ನೆಲದ ಹತ್ತಿರ ಅಂಟಿಸಿ, ಗಂಟೆಯನ್ನು ಮಲಗುವ ಕೋಣೆಯಲ್ಲಿ ಇಡಿ. ಐನೂರು ರೂಪಾಯಿಯ ಕೆಲಸ.

ಯಾರ ಬಳಿ ಹೇಳಿಕೊಳ್ಳುವುದೆಂದು ತಿಳಿಯದಿದ್ದಾಗ ಹಿರಿಯರ ಸಹಾಯವಾಣಿ 14567 ಇದೆ. ಆದರೆ ಸಿಲ್ವರ್ ಮರ ಕಡಿಯಲು ಅವರು ಬರುವುದಿಲ್ಲ.

ಏಳನೇ_ಬಿ · ಏಪ್ರಿಲ್ 15

ಟೀಚರ್! 41 ವರ್ಷದ ಮಳೆ ಡೈರಿ ಎಂದ ಕೂಡಲೇ ತಿಳಿಯಿತು. ನೀವು ನಮಗೆ ಗಣಿತ ಹೇಳಿದವರು. ಸರಾಸರಿ ಪಾಠಕ್ಕೆ ಯಜಮಾನರ ಡೈರಿಯನ್ನೇ ತರಗತಿಗೆ ತಂದು, ಜುಲೈ ತಿಂಗಳ ಇಂಚು, ಇಂಚಿನ ನೂರನೇ ಒಂದು ಭಾಗವಾದ ಸೆಂಟು ಎಲ್ಲ ಕೂಡಿಸಿ ಎಂದಿರಿ. ನಾನು ತಪ್ಪು ಕೂಡಿಸಿ ಬೆಂಚಿನ ಮೇಲೆ ನಿಂತಿದ್ದೆ. ಈಗ ಸಿದ್ದಾಪುರ ರಸ್ತೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದೇನೆ.

ಅಮ್ಮತ್ತಿ_ಟೀಚರ್ · ಏಪ್ರಿಲ್ 15

ಬೆಂಚಿನ ಮೇಲೆ ನಿಂತವರು ಬಹಳ ಮಂದಿ ಇದ್ದರು ಮಗು. ದಶಮಾಂಶ ಬಿಂದು ತಪ್ಪಿದವನೋ, ಸೊನ್ನೆ ಬಿಟ್ಟವನೋ?

ಏಳನೇ_ಬಿ · ಏಪ್ರಿಲ್ 15

ಸೊನ್ನೆ ಬಿಟ್ಟವನು.

ಮಳೆಲೆಕ್ಕ · ಏಪ್ರಿಲ್ 16

ಒಂದು ಬೇರೆ ಯೋಚನೆ. ಟೀಚರ್ ಬರೆದದ್ದನ್ನು ಮತ್ತೊಮ್ಮೆ ಓದಿದೆ. ಅವರ ಕಷ್ಟವೆಲ್ಲ ಮಳೆಗಾಲದ್ದು. ಕರೆಂಟ್, ಮರ, ರಸ್ತೆ, ಜಾರುವ ನೆಲ. ಡಿಸೆಂಬರ್‌ನಲ್ಲಿ ಆ ಮನೆಯಲ್ಲಿ ಇರಲು ಯಾರಿಗೆ ಕಷ್ಟ? ಹಾಗಾದರೆ ಹನ್ನೆರಡು ತಿಂಗಳ ಮನೆಗೆ 25 ಲಕ್ಷ ಏಕೆ ಕಟ್ಟಬೇಕು? ಜೂನ್‌ನಿಂದ ಮೂರು ತಿಂಗಳು ಬಾಡಿಗೆಗೆ ಇರಲು ಕೊಡುತ್ತಾರೆಯೇ ಕೇಳಿ. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಜನ ಮಳೆಗಾಲಕ್ಕೆ ಮಕ್ಕಳ ಮನೆಗೆ ಹೋಗಿ ಬರುತ್ತಾರೆ. ಅದನ್ನೇ ಮಕ್ಕಳ ಹಂಗಿಲ್ಲದೆ ಮಾಡುವುದು.

ನಾಪೋಕ್ಲು_ನಾಟಿ · ಏಪ್ರಿಲ್ 16

ಮಳೆಗಾಲದಲ್ಲಿ ತೋಟ ಬಿಟ್ಟರೆ ಕೊಳೆರೋಗ ಯಾರು ನೋಡುತ್ತಾರೆ? ಮೆಣಸಿನ ಬಳ್ಳಿ ಸೊರಗಲು ಶುರುವಾದರೆ ವಾರದಲ್ಲಿ ಸಾಲು ಸಾಲು ಹೋಗುತ್ತದೆ. ಬೋರ್ಡೋ ದ್ರಾವಣ ಒಂದು ಸುತ್ತು ಮಳೆಗೆ ಮೊದಲು, ಇನ್ನೊಂದು ಮಳೆ ಬಿಡುವು ಕೊಟ್ಟಾಗ. ಆ ಬಿಡುವು ಯಾವ ದಿನ ಎಂದು ಮೈಸೂರಿನಲ್ಲಿ ಕುಳಿತು ತಿಳಿಯುವುದು ಹೇಗೆ? ನಾನು ಹಟಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಗಿದೆ.

ಏಳನೇ_ಬಿ · ಏಪ್ರಿಲ್ 16

ಅದನ್ನು ನನಗೆ ಬಿಡಿ. ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಎರಡೂ ನನ್ನ ಅಂಗಡಿಯಲ್ಲೇ ಇದೆ, ಸಿಂಪಡಿಸುವ ಹುಡುಗರೂ ಗೊತ್ತು.

ಹವಾಲ್ದಾರ್_ನಿವೃತ್ತ · ಏಪ್ರಿಲ್ 16

ಮಳೆಲೆಕ್ಕದವರ ಮಾತು ಚೆನ್ನಾಗಿದೆ, ಒಂದು ತೊಡಕು ಬಿಟ್ಟರೆ. ಹೃದಯ ಕಕ್ಕಡ ನೋಡಿ ನಿಲ್ಲುವುದಿಲ್ಲ. ಫೆಬ್ರವರಿಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯಲ್ಲೂ ನಿಲ್ಲಬಹುದು. ನಮ್ಮ ಜಿಲ್ಲೆಗೆ ರೈಲು ಇಲ್ಲ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಅದರಿಂದ ಉಪಕಾರ ಆಗಿದೆ. ಆದರೆ ನನಗೆ ಸ್ಟೆಂಟ್ ಬೇಕಾದಾಗ ತಿತಿಮತಿ, ಆನೆಚೌಕೂರು ದಾಟಿ ಹುಣಸೂರಿನ ಮೇಲೆ ಮೈಸೂರಿಗೇ ಹೋದೆ. ಆಂಬುಲೆನ್ಸ್ ಕಿಟಕಿಯಿಂದ ರಸ್ತೆ ಬದಿಯಲ್ಲಿ ಆನೆ ನಿಂತದ್ದು ಕಂಡಿತು. ಚಾಲಕ ದೀಪ ಆರಿಸಿ ಐದು ನಿಮಿಷ ಕಾದ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಐದು ನಿಮಿಷ ಗಡಿಯಲ್ಲೂ ಕಂಡಿಲ್ಲ.

ಕಾಚಂಪುಳಿ · ಏಪ್ರಿಲ್ 16

ಆನೆ ನಿಮಗೆ ಸೆಲ್ಯೂಟ್ ಹೊಡೆಯಿತೇ?

ಹವಾಲ್ದಾರ್_ನಿವೃತ್ತ · ಏಪ್ರಿಲ್ 16

ಇಲ್ಲ. ಸೊಂಡಿಲಿನಲ್ಲಿ ಹಲಸಿನಹಣ್ಣು ಇತ್ತು.

ಸೊಸೆ_ಬೆಂಗಳೂರು · ಏಪ್ರಿಲ್ 16

ಫೆಬ್ರವರಿಯಲ್ಲಿ ಹಲಸಿನಹಣ್ಣೇ?

ಹವಾಲ್ದಾರ್_ನಿವೃತ್ತ · ಏಪ್ರಿಲ್ 16

ಸ್ಟೆಂಟ್ ಜೂನ್‌ನಲ್ಲಿ ಆದದ್ದು ತಾಯಿ. ಫೆಬ್ರವರಿ ಉದಾಹರಣೆಗೆ ಹೇಳಿದ್ದು.

ಅಮ್ಮತ್ತಿ_ಟೀಚರ್ · ಮೇ 4

ಎಲ್ಲರಿಗೂ ಒಟ್ಟಿಗೆ ಉತ್ತರ. ತಡವಾಯಿತು.

ಹಿಡಿಕಂಬಿ ಹಾಕಿಸಿದೆವು. ನೆಲದ ಹತ್ತಿರದ ಗುಂಡಿಯನ್ನು ಇವರು ಮೊದಲ ದಿನವೇ ಒತ್ತಿ ನೋಡಿದರು, ನಾನು ಹಿಟ್ಟಿನ ಕೈಯಲ್ಲಿ ಓಡಿದೆ. "ಪರೀಕ್ಷೆ" ಎಂದರು. ಆ ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಮಕ್ಕಂದೂರಿನವರು ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಏನೂ ಹೇಳದೆ ಎದ್ದು ತೋಟಕ್ಕೆ ಹೋದರು. ಮರುದಿನ ಕಾಫಿ ಕುಡಿಯುವಾಗ ಅವರೇ ಕೇಳಿದರು, ಆ ಮೂರು ತಿಂಗಳ ಬಾಡಿಗೆಯ ವಿಷಯ ವಿಚಾರಿಸಿದೆಯಾ ಎಂದು.

ವಿಚಾರಿಸಿದೆ. ಮಾರ್ಚ್‌ನಲ್ಲಿ ನೋಡಿದ ಜಾಗದವರು ಕೊಡುವುದಿಲ್ಲ ಎಂದರು. ಕಡತದವರು ಹೇಳಿದ ಪ್ರಶ್ನೆಗಳನ್ನೂ ಅವರಿಗೆ ಕೇಳಿದ್ದೆ. ಠೇವಣಿ ಮುಂದಿನ ನಿವಾಸಿ ಬಂದ ಮೇಲೆಯೇ, ಕಾಲಮಿತಿ ಇಲ್ಲ ಎಂಬುದು ಆಗ ಹೊರಬಿತ್ತು. ಮೈಸೂರಿನಲ್ಲೇ ಇನ್ನೊಂದು ಕಡೆ ಮೂರು ತಿಂಗಳ ವಾಸಕ್ಕೆ ಒಪ್ಪಿದರು. ಠೇವಣಿ ಎರಡು ತಿಂಗಳ ಬಾಡಿಗೆಯಷ್ಟು. ಮನೆ ಚಿಕ್ಕದು, ಸಾಮಾನೂ ಹಳೆಯದು. ಸಹಾಯ ಸಹಿತ ವಾಸದ ವಿಭಾಗ ಅದೇ ಆವರಣದಲ್ಲಿದೆ. ನಾನು ಹೋಗಿ ಆ ವಿಭಾಗವನ್ನೇ ಮೊದಲು ನೋಡಿದೆ, ಊಟದ ಹಾಲ್ ಆಮೇಲೆ. ಹಾಸಿಗೆ ಹಿಡಿದವರ ಉಗುರು ಕತ್ತರಿಸಿತ್ತು. ಅದನ್ನು ನೋಡಿ ಒಪ್ಪಿಗೆ ಕೊಟ್ಟೆ.

ಯಜಮಾನರ ಷರತ್ತುಗಳು: ಆಯುಧ ಪೂಜಿಸುವ ನಮ್ಮ ಹಬ್ಬ ಕೈಲ್‌ಪೋದ್‌ಗೆ, ಸೆಪ್ಟೆಂಬರ್ 3ಕ್ಕೆ, ಮನೆಯಲ್ಲಿರಬೇಕು. ಕೋವಿಗೆ ತೋಕ್‌ಪೂವು ಎಂಬ ಹೂ ಇಡಬೇಕಲ್ಲ. ಮನೆಯೊಳಗೆ ಪಂದಿಕರಿ ಬೇಯಿಸಲು ಬರವಣಿಗೆಯಲ್ಲಿ ಒಪ್ಪಿಗೆ ಬೇಕು, ಅದು ಸಿಕ್ಕಿದೆ. ನಾಯಿಗಳಿಗೆ ಅಲ್ಲಿ ಪ್ರವೇಶ ಇಲ್ಲ. ಇದೊಂದು ಬಾಕಿ. ಮಳೆ ಮಾಪಕವನ್ನು ಕೊಂಡೊಯ್ಯುವುದಿಲ್ಲವಂತೆ. "ಮೈಸೂರಿನ ಮಳೆ ನನ್ನ ಡೈರಿಗೆ ಬೇಡ" ಎನ್ನುತ್ತಾರೆ.

ನಾಪೋಕ್ಲು_ನಾಟಿ · ಮೇ 4

ಉಗುರು ನೋಡಿದಿರಲ್ಲ, ಅದು ನನಗೆ ಹೊಳೆಯುತ್ತಿರಲಿಲ್ಲ. ಹೋಗಿ ಬನ್ನಿ. ಹೆಂಚು ಒಮ್ಮೆ ನೋಡಿಸಿ ಹೊರಡಿ.

ಏಳನೇ_ಬಿ · ಮೇ 4

ನಾಯಿಗಳಿಗೆ ದಿನಾ ಬೆಳಿಗ್ಗೆ ನಾನೇ ಬಂದು ಅನ್ನ ಹಾಕುತ್ತೇನೆ, ರಾತ್ರಿಗೆ ರೈಟರ್ ಇದ್ದಾರೆ. ಮಳೆಯೂ ಅಳೆಯುತ್ತೇನೆ. ಈ ಸಲ ಸೊನ್ನೆ ಬಿಡುವುದಿಲ್ಲ.

ಕಾಚಂಪುಳಿ · ಮೇ 5

ಯಜಮಾನರ ಪಂದಿಕರಿಗೆ ಹಾಕಲು ಒಂದು ಬಾಟಲಿ ಕಾಚಂಪುಳಿ ಹುಳಿ ನನ್ನ ಲೆಕ್ಕದಲ್ಲಿ. ಮೈಸೂರಿನಲ್ಲಿ ಒಳ್ಳೆಯದು ಸಿಗುವುದಿಲ್ಲ.

ಏಳನೇ_ಬಿ · ಜೂನ್ 19

ಟೀಚರ್, ನಿಮ್ಮ ಫೋನ್ ಸಿಗುತ್ತಿಲ್ಲ, ಇಲ್ಲೇ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ 2 ಇಂಚು 05 ಸೆಂಟು. ನಿನ್ನೆ ಸಂಜೆಯಿಂದ ಕರೆಂಟ್ ಇಲ್ಲ. ದೊಡ್ಡ ನಾಯಿ ಅನ್ನ ತಿಂದಿತು. ಚಿಕ್ಕದು ಎರಡು ದಿನದಿಂದ ಗೇಟಿನ ಬಳಿಯೇ ಮಲಗುತ್ತದೆ, ಅಲ್ಲಿಗೇ ತಟ್ಟೆ ಕೊಂಡುಹೋದೆ.

ಅಮ್ಮತ್ತಿ_ಟೀಚರ್ · ಜೂನ್ 19

ಫೋನ್ ಚಾರ್ಜಿಗೆ ಹಾಕಲು ಮರೆತಿದ್ದೆ, ಕರೆಂಟ್ ಇರುವ ಊರಿನಲ್ಲಿ! ಇಲ್ಲಿ ಬಿಸಿಲು. ನಿನ್ನೆ ರಾತ್ರಿ ಪೂರ್ತಿ ನಿದ್ದೆ ಮಾಡಿದೆ. ಯಜಮಾನರು ಪಕ್ಕದಲ್ಲಿ ನಿಂತು ಕೇಳಿಸುತ್ತಿದ್ದಾರೆ, ಎಂಟು ಗಂಟೆಗೇ ಅಳೆದೆಯೋ, ಅಂಗಡಿ ತೆರೆದು ಬಂದು ಅಳೆದೆಯೋ?

ಏಳನೇ_ಬಿ · ಜೂನ್ 19

ಎಂಟೂ ಹತ್ತಕ್ಕೆ. ಜಿಗಣೆ ಬಿಡಿಸಿಕೊಳ್ಳುವಾಗ ತಡವಾಯಿತು.